ಉರಿಮೂತ್ರಕ್ಕೆ ಬಾರ್ಲಿ ನೀರು ಸಾಕಾ?

ವಿಜಯಪುರದಲ್ಲಿ ಏಪ್ರಿಲ್ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಕ್ಲಿನಿಕ್ಕಿನಲ್ಲಿ ದಿನಾ ಕೇಳುವ ಮಾತು ಒಂದೇ: "ಉಷ್ಣ ಆಗೇತ್ರಿ ಡಾಕ್ಟ್ರ."

9 ವರ್ಷದ ಹುಡುಗಿಯೊಬ್ಬಳ ತಾಯಿಯೂ ಹಾಗೇ ಅಂದರು. ಉಚ್ಚಿ ಹೊಯ್ಯುವಾಗ ಉರಿ, ಕಿಬ್ಬೊಟ್ಟೆ ನೋವು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು. ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ. ಪ್ರತಿ ಸಲವೂ ಬಾರ್ಲಿ ನೀರು, ಜೊತೆಗೆ ಔಷಧಿ ಅಂಗಡಿಯಿಂದ ಎರಡು ದಿನದ ಮಾತ್ರೆ. ತೂಕ 47 ಕೆಜಿ. "ಉಣ್ಣೋ ಕೂಸು, ಉಣ್ಲಿ ಬಿಡ್ರಿ" ಅಂದರು ಜೊತೆಗೆ ಬಂದಿದ್ದ ಅಜ್ಜಿ.

ಬೊಜ್ಜಿರುವ ಮಕ್ಕಳಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಮೂತ್ರದ ಸೋಂಕು ಜಾಸ್ತಿ ಅಂತ ಹಲವು ಅಧ್ಯಯನಗಳು ತೋರಿಸಿವೆ. ಬೊಜ್ಜೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಅದರ ಜೊತೆ ಬರುವ ಸಣ್ಣಪುಟ್ಟ ಸಂಗತಿಗಳನ್ನು ಯಾರೂ ಕೇಳುವುದಿಲ್ಲ.

ಕೂರುವ ರೀತಿಯನ್ನೇ ನೋಡಿ. ಚಡ್ಡಿಯನ್ನು ಮೊಣಕಾಲ ತನಕ ಮಾತ್ರ ಇಳಿಸಿ, ದಪ್ಪ ತೊಡೆ ಕೂಡಿಸಿಕೊಂಡು ಕಮೋಡಿನ ಮೇಲೆ ಕೂತರೆ ಮೂತ್ರವೆಲ್ಲ ಹೊರಗೆ ಬೀಳುವುದಿಲ್ಲ. ಸ್ವಲ್ಪ ಯೋನಿಯೊಳಗೆ ಹೋಗಿ ನಿಲ್ಲುತ್ತದೆ. ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಚಡ್ಡಿ ಒದ್ದೆ. ತೊಡೆಸಂದಿ ದಿನವಿಡೀ ಹಸಿ, ತುರಿಕೆ, ಉರಿ. ಇದು ಎಷ್ಟೋ ಸಲ ಸೋಂಕೇ ಅಲ್ಲ, ಆದರೂ ಮಾತ್ರೆ ನುಂಗಿಸುತ್ತಾರೆ. ಚಡ್ಡಿ ಪೂರ್ತಿ ಬಿಚ್ಚಿ, ಕಾಲು ಅಗಲಿಸಿ ಕೂರಲಿ. ಕಮೋಡಿನಲ್ಲಿ ಫ್ಲಶ್ ಟ್ಯಾಂಕಿನ ಕಡೆ ಮುಖ ಮಾಡಿ ಕೂತರೆ ತೊಡೆ ತಾನಾಗೇ ಅಗಲವಾಗುತ್ತದೆ. ಈ ವಿಷಯದಲ್ಲಿ ನಮ್ಮ ಹಳೇ ಕುಕ್ಕರಗಾಲಿನ ಪಾಯಖಾನೆಯೇ ವಾಸಿ.

"ದಿನಾ ಸಂಡಾಸ ಆಗ್ತದಾ?" ಅಂತ ಕೇಳಿದೆ. ತಾಯಿಗೆ ಗೊತ್ತಿಲ್ಲ. ಹುಡುಗಿ ಮೂರು ಬೆರಳು ತೋರಿಸಿದಳು. ಮೂರು ದಿನಕ್ಕೊಮ್ಮೆ! ಗಟ್ಟಿ ಮಲ ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತದೆ. ಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ, ಹೆಚ್ಚಾಗಿ ಕರುಳಿನದೇ ಇ. ಕೋಲಿ, ಬೆಳೆಯುತ್ತದೆ. ಇನ್ನು ಶಾಲೆಯ ಪಾಯಖಾನೆ ಕೊಳಕು ಅಂತ ಬೆಳಿಗ್ಗೆಯಿಂದ ಸಂಜೆ ತನಕ ತಡೆದುಕೊಳ್ಳುತ್ತಾಳೆ, ಅದಕ್ಕೇ ನೀರೂ ಕುಡಿಯುವುದಿಲ್ಲ. 9 ವರ್ಷದ ಮಗುವಿನ ಮೂತ್ರಚೀಲ ಹಿಡಿಯುವುದು ಸುಮಾರು 330 ಮಿಲಿ ಅಷ್ಟೇ. ಎರಡು-ಮೂರು ತಾಸಿಗೊಮ್ಮೆ ಹೋಗಲೇಬೇಕು.

ಮಾತ್ರೆ ಕೊಡುವ ಮೊದಲೇ ಮೂತ್ರದ ಕಲ್ಚರ್, ಅಂದರೆ ಯಾವ ಬ್ಯಾಕ್ಟೀರಿಯಾ ಇದೆ ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಆಗಬೇಕು. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ನಮ್ಮ ಸೆಕೆಯಲ್ಲಿ ಡಬ್ಬಿ ಹೊರಗೇ ಉಳಿದರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಬೆಳೆದು ರಿಪೋರ್ಟ್ ಕೆಡುತ್ತದೆ. ಒಂದು ತಾಸಿನೊಳಗೆ ಲ್ಯಾಬ್ ಮುಟ್ಟಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ. ಬೊಜ್ಜಿರುವ ಮಗುವಿಗೆ ರಕ್ತದ ಸಕ್ಕರೆಯನ್ನೂ ನಾನು ನೋಡಿಸುತ್ತೇನೆ. ಜ್ವರ, ಚಳಿನಡುಕ, ವಾಂತಿ, ಬೆನ್ನಿನ ಪಕ್ಕದಲ್ಲಿ ನೋವು ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ಅಂದೇ ಬನ್ನಿ.

ಈ ಹುಡುಗಿಯ ಕಲ್ಚರಿನಲ್ಲಿ ಇ. ಕೋಲಿ ಬೆಳೆಯಿತು. ಪೂರ್ತಿ ಕೋರ್ಸ್ ಆಂಟಿಬಯೋಟಿಕ್ ಬರೆದೆ, ಮಲ ಸಡಿಲಾಗಲು ಔಷಧಿ, ಟೀಚರಿಗೊಂದು ಚೀಟಿ. ಬಾಗಿಲ ತನಕ ಹೋದ ಅಜ್ಜಿ ತಿರುಗಿ ಕೇಳಿದರು: "ಹಂಗಾರ ಬಾರ್ಲಿ ನೀರು ಬಿಡೂದೇನ್ರಿ?"

"ಕುಡೀಲಿ ಅಜ್ಜಿ. ಸಕ್ರಿ ಮಾತ್ರ ಹಾಕಬ್ಯಾಡ್ರಿ."