ಆಪರೇಷನ್ ಹೊಟ್ಟೆಗೆ, ನೋವು ಭುಜಕ್ಕೆ

ಪಿತ್ತಕೋಶದ ಕಲ್ಲಿಗೆ ಕೀಹೋಲ್ (ಸಣ್ಣ ತೂತಿನ) ಆಪರೇಷನ್ ಮಾಡಿಸಿಕೊಂಡವರನ್ನು ನೋಡಲು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾರ ಮನೆಗೆ ಹೋದರೂ ಒಂದು ದೂರು ಕೇಳಿಬರುತ್ತದೆ. "ಹೊಟ್ಟೆ ಅಷ್ಟೇನೂ ನೋಯುವುದಿಲ್ಲ ಭಾವ, ಈ ಬಲ ಭುಜದ್ದೇ ಕಾಟ. ಮೈಮೇಲೆ ಎಚ್ಚರ ಇಲ್ಲದಾಗ ಕೈ ಎಂತಾದರೂ ಎಳೆದರೋ ಏನೋ!"

ಯಾರೂ ಎಳೆದಿರುವುದಿಲ್ಲ. ಅದು ಹೊಟ್ಟೆಯೊಳಗೆ ತುಂಬಿಸಿದ ಗ್ಯಾಸಿನ ನೋವು.

ಹೊಟ್ಟೆಯ ಗೋಡೆ ಕರುಳಿಗೆ ಅಂಟಿದ ಹಾಗೇ ಇರುತ್ತದೆ. ಸಣ್ಣ ತೂತಿನಲ್ಲಿ ಸುಮ್ನೆ ಕ್ಯಾಮೆರಾ ತೂರಿಸಿದರೆ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲು ಹೊಕ್ಕುಳಿನ ಹತ್ತಿರದಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಹೊಟ್ಟೆಯನ್ನು ಉಬ್ಬಿಸುತ್ತಾರೆ. ಒತ್ತಡ ಪಾದರಸದ 12ರಿಂದ 15 ಮಿಲಿಮೀಟರ್. ಬಿಪಿ 120 ಅನ್ನುತ್ತೇವಲ್ಲ, ಅದೇ ಅಳತೆ. ಬರೀ ಗಾಳಿ ಯಾಕೆ ಬೇಡ? ಒಳಗೆ ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುತ್ತಾರೆ. ಅಲ್ಲಿ ಬೆಂಕಿಗೆ ನೆರವಾಗದ ಗ್ಯಾಸೇ ಆಗಬೇಕು. ಜೊತೆಗೆ ಇದು ರಕ್ತದಲ್ಲಿ ಬೇಗ ಕರಗಿ ಉಸಿರಿನ ಮೂಲಕ ಹೊರಗೆ ಹೋಗುತ್ತದೆ.

ಕೆಲಸ ಮುಗಿದ ಮೇಲೆ ಗ್ಯಾಸ್ ಹೊರಗೆ ಬಿಡುತ್ತಾರೆ. ಆದರೂ ಸ್ವಲ್ಪ ಉಳಿದು, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಕೆಳಗೆ ಸೇರಿಕೊಂಡು ಕೆರಳಿಸುತ್ತದೆ. ವಪೆಯ ನರ ಬೆನ್ನುಹುರಿಯನ್ನು ಸೇರುವುದು ಕುತ್ತಿಗೆಯಲ್ಲಿ. ಭುಜದ ಚರ್ಮದ ನರಗಳು ಸೇರುವುದೂ ಅಲ್ಲೇ. ಸುದ್ದಿ ಎಲ್ಲಿಂದ ಬಂತು ಎಂದು ಮಿದುಳಿಗೆ ಗೊತ್ತಾಗುವುದಿಲ್ಲ, ಭುಜ ನೋಯುತ್ತಿದೆ ಎಂದು ತೀರ್ಮಾನಿಸಿಬಿಡುತ್ತದೆ. ಎದ್ದು ನಡೆದಾಡುತ್ತಿದ್ದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇದು ಹೋಗುತ್ತದೆ.

ಮೊದಲೆಲ್ಲ ಈ ಆಪರೇಷನ್‌ಗೆ ಬಲ ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯುತ್ತಿದ್ದರು. ಪಿತ್ತಕೋಶ ತೆಗೆದದ್ದಕ್ಕಿಂತ ಅಲ್ಲಿಯವರೆಗೆ ತಲುಪಲು ಕತ್ತರಿಸಿದ ಸ್ನಾಯುವಿನ ನೋವೇ ಜಾಸ್ತಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಇದನ್ನು ತೂತಿನಲ್ಲೇ ಮಾಡಿ ತೋರಿಸಿದಾಗ ಅಲ್ಲಿನ ಸರ್ಜನ್‌ಗಳು ಮೆಚ್ಚಲಿಲ್ಲ. 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಮಾಡಿದ ಮೇಲೆ ಅದು ಹಬ್ಬಿತು. 1990ರಲ್ಲಿ ತೆಹೆಮ್ಟನ್ ಉದ್ವಾಡಿಯಾ ಮುಂಬೈಯಲ್ಲಿ ಮಾಡಿದರು. ಈಗ ಸಾಮಾನ್ಯವಾಗಿ ನಾಲ್ಕು ತೂತು, ಒಂದೊಂದು 5ರಿಂದ 12 ಮಿಲಿಮೀಟರ್. ಒಂದೆರಡು ವಾರದಲ್ಲಿ ಹಗುರ ಕೆಲಸಕ್ಕೆ ಮರಳಬಹುದು. ಅಡಿಕೆ ಗೋಣಿ ಹೊರುವ ಮಾತು ಬೇರೆ, ಅದನ್ನು ಡಾಕ್ಟರ ಹತ್ತಿರ ಬಿಡಿಸಿ ಕೇಳಬೇಕು. "ಕೆಲಸಕ್ಕೆ ಹೋಗಬಹುದಾ" ಎಂದಷ್ಟೇ ಕೇಳಿದರೆ ಅವರು ಆಫೀಸು ಕೆಲಸ ಅಂದುಕೊಂಡು ಹೂಂ ಅಂದಾರು.

ತೂತು ಸಣ್ಣದಾಯಿತು, ಒಳಗಿನ ಕೆಲಸ ಬದಲಾಗಲಿಲ್ಲ. ಪಿತ್ತಕೋಶಕ್ಕೆ ಹೋಗುವ ಒಂದು ಕೊಳವೆ, ಒಂದು ರಕ್ತನಾಳ. ಎರಡನ್ನೂ ಬಿಡಿಸಿ, ಕಣ್ಣಾರೆ ಕಂಡ ಮೇಲೆಯೇ ಕ್ಲಿಪ್ ಹಾಕಿ ಕತ್ತರಿಸಬೇಕು. ಪಕ್ಕದಲ್ಲೇ ಲಿವರಿನಿಂದ ಕರುಳಿಗೆ ಹೋಗುವ ದೊಡ್ಡ ಪಿತ್ತನಾಳ ಇದೆ. ತಪ್ಪಿ ಅದಕ್ಕೆ ಪೆಟ್ಟಾದರೆ ರಿಪೇರಿಗೆ ಇನ್ನೂ ದೊಡ್ಡ ಆಪರೇಷನ್ ಬೇಕು. ಊತ ಜಾಸ್ತಿ ಇದ್ದು ಜಾಗ ಸರಿಯಾಗಿ ಕಾಣದಿದ್ದರೆ ಸರ್ಜನ್ ನಡುವೆಯೇ ನಿರ್ಧಾರ ಬದಲಿಸಿ ಹೊಟ್ಟೆ ಕೊಯ್ಯುವುದುಂಟು. "ಕೀಹೋಲ್ ಅಂತ ಹೇಳಿ ಕೊಯ್ದೇಬಿಟ್ಟರು" ಎಂದು ಆಮೇಲೆ ಜಗಳಕ್ಕೆ ನಿಲ್ಲುವವರಿದ್ದಾರೆ. ನನ್ನನ್ನು ಕೇಳಿದರೆ, ಹಾಗೆ ಕೊಯ್ಯುವ ಧೈರ್ಯ ಇರುವ ಸರ್ಜನ್ನೇ ವಾಸಿ.

ಇನ್ನು ರೋಬೋಟ್. ಕೆಳಗೆ ನಿಂತು ದೋಟಿಯಲ್ಲಿ ಅಡಿಕೆ ಗೊನೆ ಕೊಯ್ದವರಿಗೆ ಕೀಹೋಲ್ ಸರ್ಜನ್‌ನ ಕಷ್ಟ ಬೇಗ ಅರ್ಥವಾಗುತ್ತದೆ. ಕೈ ಇಲ್ಲಿ, ಕತ್ತಿ ಅಲ್ಲಿ, ತುದಿಯನ್ನು ಬೇಕಾದ ಹಾಗೆ ತಿರುಗಿಸಲು ಬರುವುದಿಲ್ಲ. ಸರ್ಜನ್‌ಗೆ ಇನ್ನೊಂದು ತೊಡಕೂ ಇದೆ. ಕೋಲು ತೂತಿನಲ್ಲಿ ತೂರಿರುವುದರಿಂದ ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ರೋಬೋಟ್ ಈ ಎರಡೂ ತೊಡಕನ್ನು ಬಿಡಿಸುತ್ತದೆ. ಸರ್ಜನ್ ಬದಿಯಲ್ಲಿ ಒಂದು ಕನ್ಸೋಲ್ ಮುಂದೆ ಕೂತು ಬೆರಳು ಆಡಿಸುತ್ತಾರೆ. ಹೊಟ್ಟೆಯೊಳಗಿನ ಉಪಕರಣಕ್ಕೆ ಮಣಿಕಟ್ಟಿನಂಥ ಕೀಲು ಇದೆ, ಅದು ಅವರ ಕೈ ಹೋದ ದಿಕ್ಕಿಗೇ ಹೋಗುತ್ತದೆ. ಕೈ ನಡುಗಿದರೆ ಆ ನಡುಕವನ್ನು ಯಂತ್ರ ಸೋಸುತ್ತದೆ. ಕೈ ಮೂರು ಸೆಂಟಿಮೀಟರ್ ಸರಿದರೆ ತುದಿ ಒಂದೇ ಸೆಂಟಿಮೀಟರ್ ಸರಿಯುವ ಹಾಗೆ ಹೊಂದಿಸಲೂ ಬರುತ್ತದೆ.

ತಾನಾಗಿ ಅದು ಏನನ್ನೂ ಕತ್ತರಿಸುವುದಿಲ್ಲ. 2001ರ ಸೆಪ್ಟೆಂಬರ್ 7ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ರೋಗಿಯ ಪಿತ್ತಕೋಶವನ್ನು ಜಾಕ್ ಮಾರೆಸ್ಕೋ ತಂಡ ನ್ಯೂಯಾರ್ಕಿನಲ್ಲಿ ಕೂತು ತೆಗೆಯಿತು. ಆಗಲೂ ಕೈ ಮನುಷ್ಯರದ್ದೇ. ಒಂದು ಕೊರತೆಯೂ ಇದೆ: ಈಗ ಬಳಕೆಯಲ್ಲಿರುವ ಹೆಚ್ಚಿನ ಯಂತ್ರಗಳಲ್ಲಿ ಸರ್ಜನ್‌ಗೆ ಸ್ಪರ್ಶ ಗೊತ್ತಾಗುವುದಿಲ್ಲ. ದಾರ ಎಷ್ಟು ಬಿಗಿಯಾಯಿತು ಎಂದು ಕಣ್ಣಿನಲ್ಲೇ ಅಂದಾಜು ಮಾಡಬೇಕು.

ಅಮೆರಿಕದ ಡಾ ವಿಂಚಿ ಯಂತ್ರಕ್ಕೆ ಅಲ್ಲಿ 2000ದಲ್ಲೇ ಒಪ್ಪಿಗೆ ಸಿಕ್ಕಿತು. ಈಗ ನಮ್ಮ ದೇಶದ್ದೇ ಆದ ಎಸ್‌ಎಸ್‌ಐ ಮಂತ್ರ ಕೂಡ ಇದೆ. ರೋಬೋಟ್ ಇಷ್ಟು ವರ್ಷ ಬಳಕೆಯಲ್ಲಿದ್ದೂ ಅದರ ಲಾಭ ಜಾಹೀರಾತಿನಲ್ಲಿ ಕಾಣುವಷ್ಟಿಲ್ಲ. ಪ್ರಾಸ್ಟೇಟ್, ಗುದನಾಳದ ಕೆಳಭಾಗ, ಕಿಡ್ನಿಯ ಗಡ್ಡೆಯನ್ನಷ್ಟೇ ತೆಗೆದು ಉಳಿದದ್ದನ್ನು ಹೊಲಿಯುವುದು, ಇಂಥ ಇಕ್ಕಟ್ಟಿನ ಕೆಲಸದಲ್ಲಿ ಸರ್ಜನ್‌ಗೆ ಅದು ದೊಡ್ಡ ಅನುಕೂಲ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿಗೆ ರೋಬೋಟ್ ಮತ್ತು ತೆರೆದ ಆಪರೇಷನ್ ಎರಡನ್ನೂ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಹೋಲಿಸಿ ನೋಡಿದಾಗ, ಎರಡು ವರ್ಷದ ನಂತರ ಮೂತ್ರದ ಹಿಡಿತದಲ್ಲಾಗಲಿ ಲೈಂಗಿಕ ಶಕ್ತಿಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಾಮಾನ್ಯ ಪಿತ್ತಕೋಶ, ಅಪೆಂಡಿಕ್ಸ್‌ಗೆ ರೋಗಿಗೆ ಸಿಗಬೇಕಾದ ಲಾಭ ಕೀಹೋಲಿನಲ್ಲೇ ಸಿಕ್ಕಾಗಿದೆ. ಅದಕ್ಕೂ ರೋಬೋಟೇ ಬೇಕು ಎಂದು ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಕೆಲವು ಕಡೆ ಸಣ್ಣ ತೂತು ಕೆಡುಕನ್ನೂ ಮಾಡಿದೆ. ಆರಂಭ ಹಂತದ ಗರ್ಭಕೊರಳಿನ ಕ್ಯಾನ್ಸರಿಗೆ ಕೀಹೋಲ್ ಅಥವಾ ರೋಬೋಟಿನಲ್ಲಿ ಗರ್ಭಕೋಶ ತೆಗೆಸಿಕೊಂಡವರನ್ನೂ ಹೊಟ್ಟೆ ಕೊಯ್ಸಿಕೊಂಡವರನ್ನೂ ಹೋಲಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನಾಲ್ಕೂವರೆ ವರ್ಷದ ಲೆಕ್ಕದಲ್ಲಿ ರೋಗ ಮರಳದೆ ಬದುಕಿದ್ದವರು ತೆರೆದ ಆಪರೇಷನ್‌ನಲ್ಲಿ ಶೇಕಡಾ 96.5, ಸಣ್ಣ ತೂತಿನಲ್ಲಿ ಶೇಕಡಾ 86. ಆ ಕ್ಯಾನ್ಸರಿಗೆ ಡಾಕ್ಟರು ಉದ್ದ ಗಾಯವೇ ಒಳ್ಳೆಯದು ಎಂದರೆ ಹಳೇ ಕಾಲದವರು ಎಂದು ಎದ್ದು ಬರಬೇಡಿ.

ಹಣದ ವಿಷಯ ಒಂದಿದೆ. ಆರೋಗ್ಯ ವಿಮೆಯಲ್ಲಿ ರೋಬೋಟ್ ಆಪರೇಷನ್ ಸೇರಿರಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಕಂಪನಿ ಅದಕ್ಕೊಂದು ಮಿತಿ ಇಡಬಹುದು, ಪಾಲಿಸಿಯಲ್ಲಿ ಆ ಸಾಲು ನೋಡಿಕೊಳ್ಳಿ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ವಿಮೆ ಕಾರ್ಡಿನವರು ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವ ಮೊದಲೇ ಅಲ್ಲಿನ ಆಸ್ಪತ್ರೆಗೆ ಫೋನ್ ಮಾಡಿ, ಕಾರ್ಡ್ ನಡೆಯುತ್ತದಾ, ಈ ಆಪರೇಷನ್‌ಗೂ ನಡೆಯುತ್ತದಾ ಎಂದು ಎರಡನ್ನೂ ಕೇಳಬೇಕು.

ಕೀಹೋಲಿನಲ್ಲಿ ಮರುದಿನವೇ ಮನೆಗೆ ಕಳಿಸುವುದುಂಟು. ಹಾಗಾಗಿ ತೊಂದರೆ ಆಗುವುದಿದ್ದರೆ ಅದು ಮನೆಯಲ್ಲೇ ಕಾಣಿಸಿಕೊಳ್ಳುತ್ತದೆ. ಮಂಗಳೂರು ಆಗ ಎಷ್ಟು ದೂರ ಎಂದು 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ಗಡಿ ಮುಚ್ಚಿದಾಗ ಗಡಿಯ ಹತ್ತಿರದ ಮಂಜೇಶ್ವರದವರಿಗೂ ಗೊತ್ತಾಯಿತು. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಚೆಕಪ್ ತಾರೀಕಿಗೆ ಕಾಯಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅದನ್ನು ಗ್ಯಾಸಿನ ತಲೆಗೆ ಕಟ್ಟಲೂ ಬೇಡಿ. ಡಿಸ್ಚಾರ್ಜ್ ಚೀಟಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿಸಿ.