ಸಮನ್ಸ್ ಮುಟ್ಟಬೇಕಾದರೆ ಮೊದಲು ಮನೆ ಸಿಗಬೇಕು

"ಕೇಸ್ ಹಾಕಿ ವರ್ಷ ಆಯ್ತು ಮೇಡಂ, ಇನ್ನೂ ಸಮನ್ಸೇ ಹೋಗಿಲ್ವಂತೆ!"

ವಾರಕ್ಕೊಬ್ಬರಾದರೂ ನನ್ನ ಮೇಜಿನ ಮುಂದೆ ನಿಂತು ಹೀಗೆ ಸಿಟ್ಟು ಮಾಡಿಕೊಳ್ಳುತ್ತಾರೆ. ನಾನು ಸಿವಿಲ್ ಕೋರ್ಟ್ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಕಡತ ತೆಗೆದು ನೋಡುತ್ತೇನೆ. ಎಷ್ಟೋ ಸಲ ಸಮನ್ಸ್ ಹೋಗಿರುತ್ತದೆ. ಹೋಗಿ, ವಾಪಸ್ ಬಂದಿರುತ್ತದೆ. ಹಿಂದೆ, ಸಮನ್ಸ್ ಒಯ್ದು ಕೊಡುವ ಕೋರ್ಟಿನ ಅಮೀನರ ಷರಾ: 'ಈ ವಿಳಾಸದಲ್ಲಿ ಮನೆ ಪತ್ತೆಯಾಗಿಲ್ಲ.'

ದಯವಿಟ್ಟು ಇದೊಂದು ಅರ್ಥ ಮಾಡಿಕೊಳ್ಳಿ. ದಾವೆಯಲ್ಲಿ ಪ್ರತಿವಾದಿಯ, ಅಂದರೆ ನೀವು ಯಾರ ಮೇಲೆ ಕೇಸ್ ಹಾಕಿದ್ದೀರೋ ಅವರ ವಿಳಾಸ ಹೇಗಿದೆಯೋ ಹಾಗೇ ನಾವು ಸಮನ್ಸ್ ಮೇಲೆ ಬರೆಯುತ್ತೇವೆ. ಪಿನ್‌ಕೋಡ್ ತಪ್ಪು ಅಂತ ನನಗೆ ಕಂಡರೂ ನಾನಾಗಿ ತಿದ್ದುವಂತಿಲ್ಲ. ಆ ರಸ್ತೆಯಲ್ಲೇ ನನ್ನ ಮನೆ ಇದ್ದರೂ ತಿದ್ದುವಂತಿಲ್ಲ. ವಿಳಾಸ ಕೊಡುವುದು ಕೇಸ್ ಹಾಕಿದ ವಾದಿಯ ಕೆಲಸ. ವಕೀಲರಿಗೂ ನೀವು ಹೇಳಿದರೆ ತಾನೇ ಗೊತ್ತಾಗುವುದು?

ಅದರಲ್ಲೂ ಇದು ಬೆಂಗಳೂರು. '3ನೇ ಕ್ರಾಸ್, ಬನಶಂಕರಿ' ಅಂತ ಬರೆದರೆ ಅಮೀನರು ಯಾವ ಹಂತಕ್ಕೆ ಹೋಗಬೇಕು? 1ನೇ ಹಂತವೋ, 2ನೆಯದೋ, 3ನೆಯದೋ? ಯಾವ ಮೇನ್? ಜಾಸ್ತಿ ಜನ ಕ್ರಯಪತ್ರ ನೋಡಿ ಸೈಟ್ ನಂಬರ್ ಬರೆಸುತ್ತಾರೆ. ಗೇಟಿನ ಮೇಲೆ ಇರುವುದು ಮನೆ ನಂಬರ್. ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ. ಹಳೇ ನಂಬರ್, ಹೊಸ ನಂಬರ್ ಎರಡೂ ಇದ್ದರೆ ಎರಡನ್ನೂ ಕೊಡಿ. ಮಹಡಿ ಬರೆಸಿ. ಎದುರಿಗೆ ದೇವಸ್ಥಾನವೋ ಹಿಟ್ಟಿನ ಗಿರಣಿಯೋ ಇದ್ದರೆ ಅದನ್ನೂ ಸೇರಿಸಿ.

ಅಪಾರ್ಟ್‌ಮೆಂಟ್ ಆದರೆ ಇನ್ನೊಂದು ತಾಪತ್ರಯ. "ವಾಚ್‌ಮನ್ ಹತ್ರ ಕೊಟ್ಟರೆ ಆಯ್ತಲ್ವಾ?" ಅಂತ ಕೇಳುತ್ತಾರೆ. ಆಗುವುದಿಲ್ಲ. ಪ್ರತಿವಾದಿ ಮನೆಯಲ್ಲಿಲ್ಲ, ಸದ್ಯಕ್ಕೆ ಸಿಗುವ ಹಾಗೂ ಇಲ್ಲ ಅಂದಾಗ, ಜೊತೆಯಲ್ಲಿ ವಾಸವಿರುವ ವಯಸ್ಕ ಕುಟುಂಬದವರಿಗೆ ಕೊಡಬಹುದು. ಹೆಂಗಸರಾದರೂ ಸರಿ, ಗಂಡಸರಾದರೂ ಸರಿ. ಮನೆಗೆಲಸದವರು ಕುಟುಂಬದವರಲ್ಲ ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಬಿಡಿಸಿ ಹೇಳಿದೆ, ಆದೇಶ 5, ನಿಯಮ 15ರಲ್ಲಿ.

ಪ್ರೊಸೆಸ್ ಫೀ, ಅಂದರೆ ಸಮನ್ಸ್ ಕಳಿಸಲು ಕೋರ್ಟಿಗೆ ಕೊಡುವ ಶುಲ್ಕ, ಕಟ್ಟುವುದನ್ನೂ ಮರೆಯಬೇಡಿ. ಸಮನ್ಸ್ ಜಾರಿಯಾಗದೆ ಬಂದರೆ ಸುಮ್ನೆ ಮುಂದಿನ ವಾಯಿದೆ ಕಾಯುತ್ತಾ ಕೂರಬೇಡಿ. ಜಾರಿಯಾಗಿಲ್ಲ ಅಂತ ಕೋರ್ಟಿಗೆ ವರದಿ ಬಂದ ಮೇಲೆ 7 ದಿನದೊಳಗೆ ಹೊಸ ಸಮನ್ಸ್ ಕೇಳಬೇಕು ಎನ್ನುತ್ತದೆ ಆದೇಶ 9, ನಿಯಮ 5. ಕೇಳದಿದ್ದರೆ ಆ ಪ್ರತಿವಾದಿಯ ಮಟ್ಟಿಗೆ ದಾವೆ ವಜಾ ಆಗಬಹುದು. ತಕ್ಕ ಕಾರಣ ತೋರಿಸಿದರೆ ಕೋರ್ಟು ಸಮಯ ಕೊಡುವುದೂ ಉಂಟು. ನಿಮ್ಮ ಕೇಸಿನಲ್ಲಿ ಏನಾಗುತ್ತದೆ ಅಂತ ಹೇಳುವ ಅಧಿಕಾರ ನನಗಿಲ್ಲ, ವಕೀಲರನ್ನೇ ಕೇಳಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾತ ಬರುತ್ತಿದ್ದರು. ತಮ್ಮನ ಮೇಲೆ ಪಾಲಿನ ದಾವೆ. ಮೈಸೂರ್ ಬ್ಯಾಂಕ್ ಸರ್ಕಲ್‌ನಲ್ಲಿ ಬಸ್ಸಿಳಿದು, ಬಟ್ಟೆ ಚೀಲ ಹಿಡಿದು ಬರೋರು. ಎರಡು ಸಲ ಸಮನ್ಸ್ ವಾಪಸ್ ಬಂದಿತ್ತು.

"ತಾತ, ನಿಮ್ಮ ತಮ್ಮನ ಮನೆ ನಂಬರ್ ಎಷ್ಟು?" ಅಂದೆ.

"ನಂಬರ್ ಯಾಕಮ್ಮ? ನಾನೇ ನಿಂತು ಕಟ್ಸಿದ ಮನೆ ಅದು. ಕಣ್ಣು ಮುಚ್ಕೊಂಡು ಹೋಗ್ತೀನಿ" ಅಂದರು. ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು. ಜಗಳವಾದ ಮೇಲೆ ಅವರು ಆ ಬೀದಿಗೇ ಕಾಲಿಟ್ಟಿರಲಿಲ್ಲ. ನಂಬರ್ ಬದಲಾಗಿದ್ದು ಅವರಿಗೆ ಹೇಗೆ ಗೊತ್ತಾಗಬೇಕು?

ಮೊಮ್ಮಗನನ್ನು ಕಳಿಸಿ ಗೇಟಿನ ನಂಬರ್ ನೋಡಿಸಿ ಅಂದೆ. ನಾಲ್ಕೇ ದಿನಕ್ಕೆ ಹುಡುಗ ಒಂದು ಹಾಳೆ ತಂದ. ಹೊಸ ನಂಬರ್, ಕ್ರಾಸ್, ಪಿನ್‌ಕೋಡ್. ಕೆಳಗೆ ಪೆನ್ಸಿಲ್‌ನಲ್ಲಿ ತಾತ ನಕ್ಷೆ ಬರೆದಿದ್ದರು. ಬೇವಿನ ಮರ, ನಲ್ಲಿ, ಎರಡು ಮೆಟ್ಟಿಲು, ಮನೆ. ಹಾಳೆಯನ್ನು ವಕೀಲರಿಗೆ ಕೊಡಿ ಅಂತ ಕಳಿಸಿದೆ. ಅವರು ಸರಿಯಾದ ವಿಳಾಸ ಕೊಟ್ಟು ಮೆಮೊ ಹಾಕಿದರು, ಪ್ರೊಸೆಸ್ ಫೀ ಕಟ್ಟಿದರು. ಆ ಸಲ ಸಮನ್ಸ್ ಮುಟ್ಟಿತು. ತಮ್ಮನೇ ರುಜು ಹಾಕಿ ತಗೊಂಡಿದ್ದರು.

ಮುಂದಿನ ವಾಯಿದೆಗೆ ತಾತ ಬಂದಾಗ ಆ ರುಜು ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. "ಕೈ ನಡುಗಿದೆ ಕಣಮ್ಮ, ಹುಷಾರಿಲ್ವೋ ಏನೋ" ಅಂದರು.