ರಂಧ್ರಜಲ ಒತ್ತಡ: ಗುಡ್ಡದ ಬರೆ ಜರಿಯುವ ಮೊದಲು ಮಣ್ಣಿನೊಳಗೆ ನಡೆಯುವುದೇನು?

ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ತುಂಬಿಕೊಂಡ ನೀರಿನ ಒತ್ತಡವನ್ನು ರಂಧ್ರಜಲ ಒತ್ತಡ ಎನ್ನುತ್ತಾರೆ. ಇಳಿಜಾರಿನ ಮಣ್ಣು ಜಾರದೆ ನಿಲ್ಲಲು ಮುಖ್ಯ ಕಾರಣ, ಕಣಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ ಹುಟ್ಟುವ ಘರ್ಷಣೆ. ತುಸು ತೇವವಿದ್ದರೆ ಈ ಹಿಡಿತ ಇನ್ನೂ ಬಿಗಿಯಾಗುತ್ತದೆ. ಆದರೆ ಸಂದುಗಳೆಲ್ಲ ಭರ್ತಿಯಾದ ಮೇಲೆ ಮೇಲಿನ ಭಾರದ ಒಂದು ಪಾಲನ್ನು ನೀರೇ ಹೊರತೊಡಗುವುದರಿಂದ ಕಣಗಳ ಹಿಡಿತ ಸಡಿಲವಾಗುತ್ತದೆ. ಮಣ್ಣಿನ ವರ್ತನೆಯನ್ನು ಅಧ್ಯಯನ ಮಾಡಿದ ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ನಿರೂಪಿಸಿದ ತತ್ತ್ವವಿದು.

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಸುತ್ತಮುತ್ತ ಗುಡ್ಡಗಳು ಜರಿದದ್ದನ್ನು ಅರ್ಥಮಾಡಿಕೊಳ್ಳಲು ಈ ಪರಿಕಲ್ಪನೆ ಬೇಕು. ಪಶ್ಚಿಮ ಘಟ್ಟದ ಅನೇಕ ಇಳಿಜಾರುಗಳಲ್ಲಿ ಗಟ್ಟಿ ಬಂಡೆಯ ಮೇಲೆ ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿದ್ದು, ಬಿಡದೆ ಸುರಿದ ಮಳೆಯ ನೀರು ಬಂಡೆಯೊಳಗೆ ಸುಲಭವಾಗಿ ಇಳಿಯಲಾರದೆ ಅದರ ಮೇಲೆಯೇ ಶೇಖರವಾಗುತ್ತದೆ. ರಸ್ತೆಗೋ ಮನೆಗೋ ಬುಡ ಕಡಿದು ನೆಟ್ಟಗೆ ನಿಲ್ಲಿಸಿದ ಬರೆಗೆ, ಅಂದರೆ ಕಡಿದಾದ ಮಣ್ಣಿನ ಗೋಡೆಗೆ, ಆಸರೆಯೂ ಇರುವುದಿಲ್ಲ.

ಗುಡ್ಡದಲ್ಲಿ ಬಿರುಕು, ಹೊಸ ಒರತೆ, ವಾಲಿದ ಮರ, ಕೆಂಪಗಾದ ತೊರೆ ಕಂಡರೆ ಜಾಗ ಬಿಡಿ ಎಂದು ಸೂಚನಾಪತ್ರಗಳು ಹೇಳುತ್ತವೆ. ಕಾರಣ ತಿಳಿಸದೆ ಕೊಟ್ಟ ಇಂಥ ಪಟ್ಟಿ ಕಂಠಪಾಠವಾಗಿಯೇ ಉಳಿಯುತ್ತದೆ. ಶಾಲೆಯಲ್ಲಿ ಒಂದು ಟ್ರೇಯಲ್ಲಿ ಮಣ್ಣನ್ನು ಇಳಿಜಾರಾಗಿ ಹರಡಿ, ಮೇಲ್ತುದಿಯಲ್ಲಿ ನಿಧಾನವಾಗಿ ನೀರು ಹನಿಸಿ ತೋರಿಸಬಹುದು: ಸಾಮಾನ್ಯವಾಗಿ ಮೊದಲು ಬುಡ ಜಿನುಗುತ್ತದೆ, ಆಮೇಲೆ ಮೇಲೆ ಬಿರುಕು ಮೂಡುತ್ತದೆ, ಕೊನೆಗೆ ಮಣ್ಣು ಜಾರುತ್ತದೆ. ಇದನ್ನು ನೋಡಿದ ಮಗುವಿಗೆ ಮನೆಯ ಹಿಂದಿನ ಬರೆಯಲ್ಲಿ ಎಂದೂ ಇಲ್ಲದ ಒರತೆ ಕಾಣಿಸಿದರೆ, ಅದು ಏನನ್ನು ಸೂಚಿಸುತ್ತಿದೆ ಎಂದು ಹಿರಿಯರಿಗೆ ವಿವರಿಸಿ ಹೇಳಲು ಸಾಧ್ಯ.

ಮಳೆ ನಿಂತಿತೆಂದು ಕೂಡಲೇ ಮನೆಗೆ ಮರಳುವುದು ಏಕೆ ಅಪಾಯ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಗುಡ್ಡದ ನೆತ್ತಿಯಲ್ಲಿ ಇಂಗಿದ ನೀರು ಕೆಳಗಿಳಿದು ಬರಲು ಸಮಯ ಹಿಡಿಯುವುದರಿಂದ, ಆಕಾಶ ತೆರವಾದ ಮೇಲೂ ಒಳಗಿನ ಒತ್ತಡ ಏರುತ್ತಿರಬಹುದು. ಬಯಲುಸೀಮೆಯಲ್ಲಿ ನಿಜಕ್ಕೂ ಉಪಕಾರಿಯಾದ ಇಂಗುಗುಂಡಿಯನ್ನು ಕಡಿದಾದ ಗುಡ್ಡದ ಮೇಲೆ ವಿವೇಚನೆಯಿಲ್ಲದೆ ತೋಡಬಾರದು ಎನ್ನುವುದೂ ಇದೇ ಕಾರಣಕ್ಕೆ. ಅಂಥಲ್ಲಿ ನೀರನ್ನು ಚರಂಡಿಯಲ್ಲಿ ಹಿಡಿದು ಬರೆಯಿಂದ ದೂರ ಹರಿಸಬೇಕು.